ಕೊರಳು ಮುಚ್ಚಿದ ಕುಬಸ

ಗುಳೇದಗುಡ್ಡ, ಬಿಡುವು ತಿಂಗಳ ನಾಲ್ಕನೆಯ ದಿನ, ೨೧೮೭

ದ್ರಾಕ್ಷಾಯಿಣಿ ಅವ್ವನಿಗೆ,

ಮೇಲಿನ ತಾರೀಖು ನೋಡಿ ನಗಬೇಡ. ನಿನ್ನ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಇಂಥ ತಿಂಗಳು ಎಷ್ಟು ತಿರುವಿದರೂ ಸಿಗುವುದಿಲ್ಲ. ಬಿಸಿಲು ತಡೆಯಲಾರದೆ ನಮ್ಮ ಹಿರಿಯರು ಏಪ್ರಿಲ್ ಮತ್ತು ಮೇ ನಡುವೆ ಒಂದು ತಿಂಗಳು ತುರುಕಿದರು. ಅದಕ್ಕೆ ಬೇಕಾದ ದಿನಗಳನ್ನು ಉಳಿದ ತಿಂಗಳುಗಳಿಂದ ಚೂರುಚೂರು ಕತ್ತರಿಸಿಕೊಂಡರು. ಈ ತಿಂಗಳಲ್ಲಿ ಯಾರೂ ಹೊರಗಿನ ಕೆಲಸಕ್ಕೆ ಹೋಗುವ ಹಾಗಿಲ್ಲ, ಊರಿನ ಮಗ್ಗಗಳು ಕೂಡ ಸುಮ್ಮನಿರುತ್ತವೆ. ನನ್ನ ಮಾತು ಅಲ್ಲಲ್ಲಿ ನಿನಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸು. ಕಾಲ ಬದಲಾದಂತೆ ಹೊಸ ಮಾತು ಕಟ್ಟಿಕೊಳ್ಳಬೇಕಾಯಿತು. ಅಂಥವು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಇನ್ನು ನಿನ್ನನ್ನು ಹೇಗೆ ಕರೆಯಬೇಕು ಎಂಬುದೇ ಒಂದು ಪೇಚಾಟ. ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ, ಆದರೆ ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು. ಪುಣ್ಯಕ್ಕೆ ನಮ್ಮ ಕಡೆ ಅಜ್ಜಿಗೂ ಅವ್ವಾ ಎನ್ನುತ್ತೇವೆ, ಮಗಳಿಗೂ ಅವ್ವಾ ಎನ್ನುತ್ತೇವೆ. ಅದೊಂದು ಬದಲಾಗಿಲ್ಲ.

ನನ್ನ ಹೆಸರು ಹೊಳೆವ್ವ. ಕುಬಸ ಹೊಲಿಯುವವಳು. ಬಸುರಿಗೆ ಹಸಿರು ಸೀರೆ ಉಡಿಸಿ, ಹೊಸ ಕುಬಸ ತೊಡಿಸಿ, ಉಡಿ ತುಂಬುವ, ಕುಬಸ ಎಂದೇ ಕರೆಯುವ ಈ ಪದ್ಧತಿ ನಿನ್ನ ಕಾಲದಿಂದ ನಮ್ಮ ಕಾಲಕ್ಕೂ ಹಾಗೆಯೇ ಬಂದಿದೆ. ಕುಬಸಕ್ಕೆಂದು ನೇಯುವ ಈ ಊರಿನ ಖಣವೂ ಉಳಿದಿದೆ, ಅದರ ಅಂಚು ಕೂಡ. ಊರಿನ ಯಾವ ಬಸುರಿಯ ಕುಬಸವಾದರೂ ನನ್ನ ಕೈಯಿಂದಲೇ ಆಗಬೇಕು ಎಂಬ ಜಂಬ ನನಗಿದೆ. ಇವತ್ತು ಆ ಕೈಗೆ ಕೆಲಸವಿಲ್ಲ. ಇಲ್ಲಿ ಒಳಗೆ ಸೂಜಿ ತರಬಾರದಂತೆ. ಬಾಗಿಲಲ್ಲೇ ಕಸಿದುಕೊಂಡು, ಬದಲಿಗೆ ಒಂದು ಪೆನ್ನು ಕೊಟ್ಟು, ಹಿಂದೋಲೆ ಬರೆಯಿರಿ ಎಂದರು. ಹಿಂದೋಲೆ ಎಂದರೆ ಹಿಂದಿನವರಿಗೆ ಬರೆಯುವ ಓಲೆ. ಒಳಗೆ ಮಗಳಿರುವಾಗ ಹೊರಗೆ ಕೂತ ತಾಯಂದಿರು ತಮ್ಮ ವಂಶದ ಹಳೆಯ ಹೆಂಗಸೊಬ್ಬಳಿಗೆ ಬರೆಯಬೇಕು. ಅದು ಮುಟ್ಟುವುದಿಲ್ಲ ಎಂದು ಬರೆಯುವವರಿಗೂ ಗೊತ್ತು, ಬರೆಸುವವರಿಗೂ ಗೊತ್ತು. ನಾವು ಬಾಗಿಲು ಬಡಿಯದೆ ಕೂರಲಿ ಎಂದು ಮಾಡಿದ ಉಪಾಯ, ಅಷ್ಟೇ. ಇಲ್ಲಿಯವರೆಗೆ ಇದನ್ನು ಹುಚ್ಚು ಎಂದು ಆಡಿಕೊಂಡು ನಕ್ಕವಳು ನಾನು. ಈಗ ನನ್ನ ಪಾಳಿ.

ಬಾಗಿಲು ತೆರೆಯಿತು. ನನ್ನನ್ನು ಕರೆಯಲು ಅಲ್ಲ, ಯಾರೋ ನೀರು ತೆಗೆದುಕೊಂಡು ಹೋದರು.

ನಾನು ಕೂತಿರುವ ಜಾಗಕ್ಕೆ ಎದೆತವರು ಎನ್ನುತ್ತಾರೆ. ಹುಟ್ಟುವಾಗಲೇ ಹೃದಯದಲ್ಲಿ ತೂತೋ, ಕಿರಿದಾದ ಕೊಳವೆಯೋ, ಮುಚ್ಚಲಾರದ ಕವಾಟವೋ ಇದ್ದ ಹೆಣ್ಣುಮಕ್ಕಳು ಬಸುರಾದರೆ ಅವರಿಗೆ ಹೆತ್ತವರ ಮನೆಯ ಜೊತೆಗೆ ಇದೂ ಒಂದು ತವರು. ಹೊರಗಿನಿಂದ ನೋಡಿದರೆ ಆಸ್ಪತ್ರೆ ಅನ್ನಿಸುವುದಿಲ್ಲ. ನಮ್ಮ ಎಲ್ಲ ಮನೆಗಳ ಹಾಗೆ ಇದೂ ಅರ್ಧ ನೆಲದೊಳಗೆ ಇಳಿದಿದೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯ ಮೇಲೆ ಹುಲ್ಲು. ಒಳಗೆ ತಂಪು. ಅಡುಗೆಮನೆಯಲ್ಲಿ ಉಪ್ಪು ಕಡಿಮೆ ಹಾಕಿದ ಪಲ್ಯದ ವಾಸನೆ ಬರುತ್ತಿದೆ, ರೊಟ್ಟಿ ಬಡಿಯುವ ಸದ್ದೂ ಕೇಳುತ್ತಿದೆ. ಸಂಜೆ ಹೊತ್ತು ಬಸುರಿಯರು ಅಂಗಳದಲ್ಲಿ ಕೂತು ಚೌಕಾಬಾರ ಆಡುತ್ತಾರೆ. ಇಲ್ಲಿಯ ವೈದ್ಯರಿಗೆ ಎರಡೆದೆಯ ಡಾಕ್ಟರು ಎಂದು ಹೆಸರು, ಏಕೆಂದರೆ ಅವರು ತಾಯಿಯ ಹೃದಯವನ್ನೂ ಹೊಟ್ಟೆಯೊಳಗಿನ ಕೂಸಿನ ಹೃದಯವನ್ನೂ ಒಟ್ಟಿಗೆ ನೋಡುತ್ತಾರೆ. ನಿನ್ನ ಕಾಲದಲ್ಲಿ ಹೃದಯದ ಡಾಕ್ಟರು ಒಂದು ಊರಿನಲ್ಲಿ, ಹೆರಿಗೆ ಡಾಕ್ಟರು ಇನ್ನೊಂದು ಊರಿನಲ್ಲಿ ಇರುತ್ತಿದ್ದರಂತೆ. ಅವರಿಬ್ಬರು ನಿನ್ನ ವಿಷಯದಲ್ಲಿ ಒಂದು ಮಾತೂ ಆಡಿಕೊಳ್ಳಲಿಲ್ಲ. ಆಡಿಕೊಳ್ಳುವುದಾದರೂ ಹೇಗೆ, ನೀನು ಇಬ್ಬರಿಗೂ ಹೇಳಲಿಲ್ಲವಲ್ಲ.

ನೀನು ಬಸುರಾಗಿ ಈಗ ಐದು ತಿಂಗಳು ತುಂಬಿರಬೇಕು ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಒಂದು ಫೋಟೋ ನಮ್ಮ ಮನೆಯಲ್ಲಿ ಉಳಿದಿದೆ. ಮದುವೆಯದು. ಬೇಸಿಗೆಯ ಮದುವೆ, ನಿನ್ನ ಅಕ್ಕಪಕ್ಕದ ಹೆಂಗಸರೆಲ್ಲ ಬೆವರಿ ಕೊರಳು ಒರೆಸಿಕೊಳ್ಳುತ್ತಿದ್ದಾರೆ. ನೀನೊಬ್ಬಳೇ ಕಾಲರ್ ಇಟ್ಟ ಬ್ಲೌಸಿನ ಗುಂಡಿ ಕೊರಳತನಕ ಹಾಕಿಕೊಂಡು ನಿಂತಿದ್ದೀಯ. ಹೊಸ ಫ್ಯಾಷನ್ ಎಂದು ಬೀಗರು ತಿಳಿದರು. ಆ ಗುಂಡಿಯ ಕೆಳಗೆ ಎದೆಯ ನಡುವೆ ಉದ್ದಕ್ಕೆ ಇಳಿದ ಹೊಲಿಗೆಯ ಗೆರೆ ಇತ್ತು. ನೀನು ಹುಟ್ಟಿದಾಗ ತುಟಿ, ಉಗುರು ನೀಲಿಯಾಗುತ್ತಿದ್ದವಂತೆ. ನಡೆಯಲು ಕಲಿತ ಮೇಲೆ ಎದೆ ತೆರೆದು ಆಪರೇಷನ್ ಮಾಡಿದರು. ತೂತು ಮುಚ್ಚಿದರು, ಕಿರಿದಾದ ದಾರಿಯನ್ನು ಅಗಲ ಮಾಡಿದರು, ನೀನು ಉಳಿದ ಮಕ್ಕಳ ಹಾಗೆಯೇ ಓಡಾಡಿದೆ. ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದು ಡಾಕ್ಟರು ಹೇಳಿದ್ದರು. ನಿನಗೆ ಹುಡುಗನನ್ನು ಹುಡುಕಲು ಶುರು ಮಾಡಿದ ವರ್ಷದಿಂದ ನಿನ್ನ ತಾಯಿ ಅದನ್ನು ಬಿಟ್ಟಳು. ಯಾರಾದರೂ ಕಂಡು ಬೀಗರ ಕಿವಿಗೆ ಹಾಕಿದರೆ ಎಂಬ ಅಂಜಿಕೆ. "ಆಪರೇಷನ್ ಆಗಿ ಹೋತು. ಈಗ ಅದರ ಮಾತು ಯಾಕ?" ಎಂದಳಂತೆ. ಗಂಡನಿಗೆ ಮಾತ್ರ ಗೆರೆ ಗೊತ್ತಿತ್ತು, ಚಿಕ್ಕಂದಿನಲ್ಲಿ ಸುಟ್ಟ ಗಾಯ ಎಂದು ನೀನು ಹೇಳಿದ್ದನ್ನು ಅವನು ನಂಬಿದ. ಪಾಪ, ಒಳ್ಳೆಯವನು.

ಆ ಆಪರೇಷನ್ನು ಹೃದಯವನ್ನು ದುರಸ್ತಿ ಮಾಡುತ್ತದೆ, ಹೊಸದು ಮಾಡುವುದಿಲ್ಲ. ಒಳಗಿನ ಕವಾಟವೊಂದು ವರ್ಷ ಹೋದ ಹಾಗೆ ಸೋರುತ್ತದೆ, ಬಲಗಡೆಯ ಕೋಣೆ ಹಿಗ್ಗುತ್ತದೆ. ಸುಮ್ಮನೆ ಇರುವಾಗ ಏನೂ ತಿಳಿಯುವುದಿಲ್ಲ. ಬಸುರಾದಾಗ ಮೈಯಲ್ಲಿ ರಕ್ತ ಅರ್ಧದಷ್ಟು ಹೆಚ್ಚುತ್ತದೆ, ಅಷ್ಟನ್ನೂ ಅದೇ ಹೃದಯ ತಳ್ಳಬೇಕು. ಏಳು, ಎಂಟನೆಯ ತಿಂಗಳಿಗೆ ಭಾರ ತುದಿ ಮುಟ್ಟುತ್ತದೆ. ಸರಿಯಾಗಿ ಆಗಲೇ ನಾವು ಏನು ಮಾಡುತ್ತೇವೆ ನೋಡು: ಕುಬಸ ಮಾಡಿ, ಹಾಡು ಹೇಳಿ, ಹುಡುಗಿಯನ್ನು ಗುರುತಿದ್ದ ಡಾಕ್ಟರಿಂದ ಬಿಡಿಸಿ ಬೇರೆ ಊರಿನ ತವರಿಗೆ ಕಳಿಸುತ್ತೇವೆ. ನಿನ್ನನ್ನೂ ಹಾಗೆಯೇ ಕಳಿಸಿದರು.

ಮುಂದಿನದನ್ನು ಹೇಗೆ ಬರೆಯಲಿ. ಎದ್ದು ಪಡಸಾಲೆಯ ಆ ತುದಿಯವರೆಗೆ ಹೋಗಿ ಬಂದೆ. ಅಳಿಯ ಈರಬಸು ಅಲ್ಲಿ ಗೋಡೆಗೆ ಹಣೆ ಆನಿಸಿ ನಿಂತಿದ್ದಾನೆ. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ, ಮಾತಾಡಿಸಲಿಲ್ಲ. ಹೇಳಿಯೇ ಬಿಡುತ್ತೇನೆ ಅವ್ವಾ, ನೀನು ಆ ಹೆರಿಗೆಯ ನಂತರ ಉಳಿಯಲಿಲ್ಲ. ತವರಿನಲ್ಲಿ ಮಲಗಿದರೆ ಉಸಿರು ಸಿಗದೆ ಎದ್ದು ಕೂರುತ್ತಿದ್ದೆ. "ಬಸರಾದಾಗ ಯಾರಿಗೆ ತೇಕು ಬರೂದಿಲ್ಲ?" ಎಂದರು. ಕಾಲು ಬಾತವು, ಅದಕ್ಕೂ ಅದೇ ಉತ್ತರ. ಹೆರಿಗೆ ಸುಖವಾಗಿಯೇ ಆಯಿತು, ಹೆಣ್ಣು ಕೂಸು. ಗಂಡಾಂತರ ಕಳೆಯಿತು ಎಂದು ಎಲ್ಲರೂ ಹಗುರಾದರು. ಆದರೆ ನಿನ್ನಂಥ ಹೃದಯಕ್ಕೆ ಹೆರಿಗೆಯಾದ ಮೇಲಿನ ದಿನಗಳೂ ಅಷ್ಟೇ ಕಷ್ಟದವು. ಬಸಿರಿಗೆ ಹರಿಯುತ್ತಿದ್ದ ರಕ್ತವೆಲ್ಲ ಒಮ್ಮೆಲೆ ಹೃದಯದ ಪಾಲಿಗೆ ಬರುತ್ತದೆ. ನಿನ್ನನ್ನು ಬಾಣಂತಿ ಕೋಣೆಯಲ್ಲಿ ಮಲಗಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಮಂಚದ ಕೆಳಗೆ ಕೆಂಡವಿಟ್ಟು, ಲೋಬಾನದ ಹೊಗೆ ಹಾಕಿದರು. ನೀನು ಕೆಮ್ಮಿದೆ. ಥಂಡಿ ಎಂದು ಇನ್ನೂ ಒಂದು ಕಂಬಳಿ ಹೊದಿಸಿದರು. ಪ್ರೀತಿಯಿಂದಲೇ ಮಾಡಿದರು.

ಸುದ್ದಿ ಕೇಳಿ ಓಡಿ ಬಂದವಳು ನಿನ್ನ ಅತ್ತೆ ಗುರುಸಿದ್ಧವ್ವ. ನಿನಗೆ ಕೊನೆಯ ಸ್ನಾನ ಮಾಡಿಸುವಾಗ ಅವಳು ಆ ಗೆರೆಯನ್ನು ಮೊದಲ ಸಲ ನೋಡಿದಳು. ನಿನ್ನ ತಾಯಿ ಅಳುತ್ತ ಎಲ್ಲವನ್ನೂ ಹೇಳಿದಳು. ಗುರುಸಿದ್ಧವ್ವ ಬೈಯಲಿಲ್ಲ, ಜಗಳ ತೆಗೆಯಲಿಲ್ಲ. ಒಂದೇ ಮಾತು ಕೇಳಿದಳು: "ಹೇಳಿದ್ರ ನಾ ಏನ್ ಹೊರಗ ಹಾಕ್ತಿದ್ನೇನು ಕೂಸಿನ್ನ?" ಕೂಸು ಎಂದದ್ದು ನಿನ್ನನ್ನೇ. ಆಮೇಲೆ ನಿನ್ನ ಮಗಳನ್ನು ಅವಳೇ ಸಾಕಿದಳು, ಮಗ್ಗದ ಪಕ್ಕದಲ್ಲಿ ತೊಟ್ಟಿಲು ಕಟ್ಟಿ. ಬದುಕಿರುವವರೆಗೂ ರೊಟ್ಟಿ ಬಡಿಯುವಾಗ, ನೂಲು ಸುತ್ತುವಾಗ, ಯಾರೂ ಇಲ್ಲದಿದ್ದರೂ ಆ ಮಾತನ್ನು ಅಂದುಕೊಳ್ಳುತ್ತಿದ್ದಳಂತೆ. ಅದು ನಿನ್ನ ಮಗಳಿಗೆ ಬಾಯಿಪಾಠವಾಯಿತು, ಅವಳಿಂದ ಅವಳ ಮಗಳಿಗೆ, ಕೊನೆಗೆ ನನಗೆ. ನಮ್ಮ ಮನೆಯಲ್ಲಿ ಮಗು ಏನಾದರೂ ಒಡೆದು ಬಚ್ಚಿಟ್ಟರೂ ನಾವು ಅದನ್ನೇ ಕೇಳುವುದು.

ನಿನ್ನ ಮಗಳು ದೊಡ್ಡವಳಾಗಿ ಬಸುರಾದಾಗ ಗುರುಸಿದ್ಧವ್ವ ಒಂದು ಹೊಸ ಪದ್ಧತಿ ಹಾಕಿದಳು. ಉಡಿ ತುಂಬುವ ಮೊದಲು, ನೆರೆದ ಹೆಂಗಸರೆಲ್ಲರ ಎದುರು, ಮನೆಯ ಹಿರಿಯಳು ಬಸುರಿಯ ಕುಬಸದ ಮೇಲಿನ ಗುಂಡಿ ಬಿಚ್ಚಿ ಕೊರಳಿಗೆ ಕುಂಕುಮ ಹಚ್ಚಬೇಕು, ಮತ್ತು ಕೇಳಬೇಕು: "ಎದಿ ಏನ್ ಅಂತೈತೆವ್ವಾ?" ಬಸುರಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹೇಳಿದ್ದಕ್ಕೆ ಯಾರೂ ಮುಖ ಸಿಂಡರಿಸಬಾರದು. ಮೊದಲು ನಮ್ಮ ಮನೆಯಲ್ಲಿ, ಆಮೇಲೆ ಓಣಿಯಲ್ಲಿ, ಈಗ ಈ ಸೀಮೆಯಲ್ಲೆಲ್ಲ ಅದು ನಡೆಯುತ್ತದೆ. ಎದೆಯ ಮೇಲೆ ಗೆರೆ ಇದ್ದವರಿಗೆ ನಾನು ಹೊಲಿಯುವ ಕುಬಸದ ಕೊರಳು ಕೆಳಗೆ ಇಳಿದಿರುತ್ತದೆ, ಗೆರೆಯ ತುದಿ ಕಾಣಬೇಕು, ಅದರ ಮೇಲೆಯೇ ಕುಂಕುಮ ಬೀಳಬೇಕು. ಗೆರೆ ಇದ್ದವಳನ್ನು ಯಾರೂ ಅಡಗಿಸುವುದಿಲ್ಲ. ವಧು ನೋಡಲು ಬಂದವರು ಅದನ್ನೇ ಮೊದಲು ವಿಚಾರಿಸುತ್ತಾರೆ, ಯಾವ ಎದೆತವರಿಗೆ ತೋರಿಸುತ್ತೀರಿ ಎಂದು. ಇದನ್ನೆಲ್ಲ ಹೆಮ್ಮೆಯಿಂದ ಬರೆದು ಮುಗಿಸಬೇಕು ಅಂದುಕೊಂಡಿದ್ದೆ. ಆದರೆ ಹಾಗೆ ಮುಗಿಯುವ ಹಾಗಿದ್ದರೆ ನಾನು ಇವತ್ತು ಇಲ್ಲಿ ಕೂರುತ್ತಿರಲಿಲ್ಲ.

ನನ್ನ ಮಗಳು ಮುಗಿಲವ್ವ ನಿನ್ನದೇ ನಮೂನೆಯ ಹೃದಯ ಹೊತ್ತು ಹುಟ್ಟಿದಳು. ಇಷ್ಟು ತಲೆಮಾರು ಸುಮ್ಮನಿದ್ದು ಮತ್ತೆ ನಮ್ಮ ಮನೆಯನ್ನೇ ಹುಡುಕಿಕೊಂಡು ಬಂತು. ಅವಳಿಗೆ ಚಿಗುರುಕವಾಟ ಹಾಕಿದ್ದಾರೆ, ಎಂದರೆ ಅವಳದೇ ಮಾಂಸದ ಚೂರಿನಿಂದ ಬೆಳೆಸಿದ ಕವಾಟ. ಅದೂ ಕಾಲಕಾಲಕ್ಕೆ ದಣಿಯುತ್ತದೆ. ಬಸುರಾಗುವ ಮೊದಲೇ ಎರಡೆದೆಯ ಡಾಕ್ಟರು ಶಾಹಿನಬಿ ಅವಳನ್ನು ಕೂರಿಸಿಕೊಂಡು ಎಲ್ಲ ನೋಡಿದರು. ಆಗಬಹುದು, ಆದರೆ ಕಣ್ಣಿಟ್ಟಿರಬೇಕು, ಉಸಿರಿನಲ್ಲಿ ಎಳ್ಳಷ್ಟು ಹೆಚ್ಚುಕಡಿಮೆಯಾದರೂ ಬಂದುಬಿಡಬೇಕು ಎಂದರು. ಎದೆಗೆ ಅಂಟಿಸಿಕೊಳ್ಳಲು ಒಂದು ಎಲೆಗಾವಲು ಕೊಟ್ಟರು. ಅದು ವೀಳ್ಯದೆಲೆಯಷ್ಟು ತೆಳ್ಳಗಿನ ಯಂತ್ರ, ಹೃದಯದ ಸಮಾಚಾರವನ್ನು ಇಲ್ಲಿಗೆ ಮುಟ್ಟಿಸುತ್ತದೆ. ನನ್ನ ಜಾಣ ಮಗಳು ಅದನ್ನು ಬೆಳಿಗ್ಗೆ ಕೂತು ದಣಿವು ಆರಿದಾಗ ಮಾತ್ರ ಅಂಟಿಸಿಕೊಳ್ಳುತ್ತಿದ್ದಳು. ಕೆಲಸಕ್ಕೆ ಏಳುವಾಗ ತೆಗೆದಿಡುತ್ತಿದ್ದಳು. ಬೆವರಿಗೆ ಕಿತ್ತು ಬರುತ್ತದೆ ಎಂದು ಇಲ್ಲಿಯವರಿಗೆ ಹೇಳಿದ್ದಳಂತೆ.

ಮೊನ್ನೆ ಅವಳ ಕುಬಸ. ನನ್ನ ಮಗಳ ಕುಬಸವನ್ನು ನಾನು ಹೊಲಿಯಬೇಕು ತಾನೇ? ತಿಂಗಳಿಂದ ಖಣ ಆರಿಸಿ ಇಟ್ಟಿದ್ದೆ. ಅಳತೆಗೆ ಕರೆದರೆ ನಾಳೆ ಅಂದಳು, ನಾಡಿದ್ದು ಅಂದಳು. ಕೊನೆಗೆ ಬಂದದ್ದು ಬಾಗಲಕೋಟೆಯ ಯಾವುದೋ ದರ್ಜಿ ಹೊಲಿದ ಕುಬಸ ತೊಟ್ಟುಕೊಂಡು. ಕೊರಳು ಮುಚ್ಚಿದ, ಕಾಲರ್ ಇಟ್ಟ ಕುಬಸ! ನೆರೆದವರು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಕಸುಬಿಗೆ, ನನ್ನದೇ ಅಂಗಳದಲ್ಲಿ, ನನ್ನ ಮಗಳೇ ಹೀಗೆ ಮಾಡಬೇಕೇ? ತೋಳಿನ ಹೊಲಿಗೆ ಬೇರೆ ಸೊಟ್ಟಗಿತ್ತು. ಸಿಟ್ಟಿನಲ್ಲೇ ಕುಂಕುಮದ ಬಟ್ಟಲು ಹಿಡಿದು ಮುಂದೆ ಹೋದೆ, ಸಿಟ್ಟಿನಲ್ಲೇ ಕೇಳಿದೆ, "ಎದಿ ಏನ್ ಅಂತೈತೆವ್ವಾ?" ಅವಳು ರಾಗವಾಗಿ "ಎದಿ ತಂಪೈತ್ರೆವ್ವಾ" ಎಂದಳು. ಎಲ್ಲರೂ ಸೋಬಾನೆ ಎತ್ತಿದರು. ನೋಡು ಅವ್ವಾ, ಗುರುಸಿದ್ಧವ್ವ ಕರುಳು ಕಿತ್ತು ಬಂದು ಕೇಳಿದ ಪ್ರಶ್ನೆಗೆ ನಾವು ಉತ್ತರವನ್ನೂ ಕಟ್ಟಿ ಇಟ್ಟುಬಿಟ್ಟಿದ್ದೇವೆ. ಎಲ್ಲ ಬಸುರಿಯರೂ ತಂಪೈತ್ರಿ ಎನ್ನುತ್ತಾರೆ, ಅದಕ್ಕೊಂದು ರಾಗವೂ ಇದೆ. ಕೇಳಿದವರು ಕೇಳಿಸಿಕೊಳ್ಳುವುದನ್ನು ಬಿಟ್ಟು ಎಷ್ಟು ವರ್ಷವಾಯಿತೋ.

ಪದ್ಧತಿಯಂತೆ ಗುಂಡಿ ಬಿಚ್ಚಿದೆ. ಕೊರಳಿನ ಬದಿಯಲ್ಲಿ ನರ ಉಬ್ಬಿ ದವಡೆಯವರೆಗೆ ಎದ್ದು ನಿಂತಿತ್ತು, ಕೂತಿದ್ದರೂ ಇಳಿದಿರಲಿಲ್ಲ, ಪಟಪಟ ಹೊಡೆದುಕೊಳ್ಳುತ್ತಿತ್ತು. ಎದೆತವರಿನವರು ಮನೆಮನೆಗೂ ಕಲಿಸಿಕೊಟ್ಟ ಗುರುತು ಅದು: ಹೃದಯ ಸೋತರೆ ರಕ್ತ ಮುಂದೆ ಹೋಗಲಾರದೆ ಹಿಂದಕ್ಕೆ ತುಂಬಿ ಕೊರಳಲ್ಲಿ ಕಾಣುತ್ತದೆ. ಮಗಳು ಕಾಲರ್ ಇಟ್ಟಿದ್ದು ಗೆರೆ ಮುಚ್ಚಲು ಅಲ್ಲ, ಇದನ್ನು ಮುಚ್ಚಲು. ಕುಂಕುಮದ ಬಟ್ಟಲು ಕೆಳಗಿಟ್ಟೆ. ಹಾಡು ನಡೆದೇ ಇತ್ತು. ನಾನು ಅವಳ ಮುಖ ಹಿಡಿದು, ರಾಗವಿಲ್ಲದೆ, ಎರಡನೆಯ ಸಲ ಕೇಳಿದೆ. ನಮ್ಮಲ್ಲಿ ಎರಡನೆಯ ಸಲ ಯಾರೂ ಕೇಳುವುದಿಲ್ಲ. ಹಾಡು ನಿಂತಿತು. ಅವಳು ಬಾಯಿಬಿಟ್ಟಳು. ಮಲಗಲಾರದೆ ದಿಂಬು ಒಟ್ಟಿಕೊಂಡು ಕೂತು ನಿದ್ದೆ ಮಾಡುತ್ತಿದ್ದಾಳಂತೆ, ಎರಡು ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ ಬರುತ್ತದಂತೆ. ಈರಬಸುವಿಗೆ ಎಲ್ಲ ಗೊತ್ತಿತ್ತು. "ಆಕಿ ಆಣಿ ಮಾಡಿಸ್ಕೊಂಡಾಳ್ರಿ ಅತ್ತಿ" ಎಂದು ತಲೆ ತಗ್ಗಿಸಿದ. ಯಾಕೆ ಮುಚ್ಚಿಟ್ಟೆ ಎಂದರೆ ಅವಳು ಹೇಳಿದ್ದು ಇಷ್ಟು: "ಅಲ್ಲಿ ಹೋದ್ನೆಂದ್ರ ನಾ ಪೇಶಂಟ್ ಆಗ್ತೀನವ್ವಾ. ಮನ್ಯಾಗ ಇರೂತನಕ ಬಸರಿ ಇರ್ತೀನಿ." ಹಸಿರು ಸೀರೆಯಲ್ಲೇ, ಉಡಿಯಲ್ಲಿ ತೆಂಗಿನಕಾಯಿ ಇದ್ದ ಹಾಗೆಯೇ, ಇಲ್ಲಿಗೆ ಕರೆತಂದೆವು.

ಬಂದ ಕೂಡಲೇ ಮೈಯ ನೀರು ಇಳಿಸುವ ಔಷಧಿ ಕೊಟ್ಟರು, ಎಡಮಗ್ಗುಲಿಗೆ ಒರಗಿಸಿ ಕೂರಿಸಿದರು. ಕೂಸು ಇನ್ನಷ್ಟು ದಿನ ಒಳಗೆ ಬೆಳೆಯಲಿ ಎಂದರೆ ತಾಯಿಯ ಹೃದಯ ತಾಳಬೇಕು. ತಾಳದಿದ್ದರೆ ಕೂಸು ತಿಂಗಳು ತುಂಬುವ ಮೊದಲೇ ಹೊರಗೆ ಬರಬೇಕು. ಬೆಳಿಗ್ಗೆಯಿಂದ ಒಳಗೆ ಅದನ್ನೇ ತೂಗಿ ನೋಡುತ್ತಿದ್ದಾರೆ. ನನ್ನ ಬೆರಳು ತಾನಾಗಿ ಸೆರಗಿನ ಅಂಚು ಮಡಚುತ್ತಿದೆ, ಬಿಚ್ಚುತ್ತಿದೆ. ಇಷ್ಟು ಯಂತ್ರ, ಇಷ್ಟು ಪದ್ಧತಿ, ಇಷ್ಟು ಒಳ್ಳೆಯ ಡಾಕ್ಟರು ಇದ್ದೂ ನನ್ನ ಮಗಳು ನಿನ್ನ ಹಾಗೆಯೇ ಗುಂಡಿ ಹಾಕಿಕೊಂಡಳಲ್ಲ ಎಂಬುದು ನನ್ನನ್ನು ಕೂರಲು ಬಿಡುತ್ತಿಲ್ಲ. ನೀನು ಹೆದರಿ ಮುಚ್ಚಿಟ್ಟೆ, ಅವಳು ಆಸೆಯಿಂದ ಮುಚ್ಚಿಟ್ಟಳು. ಸೋತ ಹೃದಯಕ್ಕೆ ಎರಡೂ ಒಂದೇ.

ಶಾಹಿನಬಿ ಬಂದಿದ್ದರು. ಬಾಗಿಲಲ್ಲಿ ನಿಂತೇ ಹೇಳಿದರು, "ಹೊಳೆವ್ವಕ್ಕಾ, ಎರಡೂ ಎದಿ ಗಟ್ಟಿ ಬಡೀತಾವು. ಆದ್ರ ಆಕಿದು ದಣದೈತಿ, ಇನ್ನ ತಡಾ ಮಾಡೂದು ಬ್ಯಾಡ. ಇವತ್ತ." ಮುಗಿಲವ್ವ ಭಾಳ ತಿಣುಕದ ಹಾಗೆ, ನೋವು ಹತ್ತದ ಹಾಗೆ ನೋಡಿಕೊಳ್ಳುತ್ತಾರಂತೆ. ಹೆರಿಗೆಯಾದ ಮೇಲೂ ವಾರಗಟ್ಟಲೆ ಇಲ್ಲಿಯೇ ಇಟ್ಟುಕೊಳ್ಳುತ್ತಾರಂತೆ, ಕಿಟಕಿ ತೆರೆದ ಕೋಣೆಯಲ್ಲಿ. ಕೂಸು ಚಿಕ್ಕದು, ಆದರೆ ಅದರ ಹೃದಯದಲ್ಲಿ, ಮುಂದೆ ಎದೆಯ ಮೇಲೆ ಗೆರೆ ಬೀಳುವಂಥ ದೋಷ ಏನೂ ಕಾಣಲಿಲ್ಲವಂತೆ. ಮಾತು ಕೊಡುತ್ತೀರಾ ಎಂದು ಕೇಳಿದೆ. ಅವರು ಸುಳ್ಳು ಹೇಳುವವರಲ್ಲ, ಸುಮ್ಮನೆ ನನ್ನ ಕೈ ಹಿಡಿದರು. ಮಗಳು ನನ್ನನ್ನು ಒಳಗೆ ಕರೆಯುತ್ತಿದ್ದಾಳೆ ಎಂದರು. ನಾನು ಹೋಗಬೇಕು, ಇನ್ನು ನಾಲ್ಕು ಸಾಲು ಬರೆಯುತ್ತೇನೆ.

ನೀನು ಹೇಳಿಬಿಟ್ಟರೆ, ನೀನು ಉಳಿದರೆ, ಗುರುಸಿದ್ಧವ್ವನ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಆಗ ಮೊನ್ನೆ ನನ್ನ ಮಗಳ ಕೊರಳ ಗುಂಡಿಯನ್ನು ಯಾರು ಬಿಚ್ಚುತ್ತಿದ್ದರು ಎಂದು ಯೋಚಿಸಿ ನನಗೆ ತಲೆ ಕೆಟ್ಟುಹೋಗಿತ್ತು. ಹೋಗಲಿ ಬಿಡು. ನಮ್ಮ ದಾರಿಯನ್ನು ನಾವು ಹುಡುಕಿಕೊಳ್ಳುತ್ತೇವೆ. ನಮಗೋಸ್ಕರ ನೀನು ಸಾಯಬೇಕಾಗಿಲ್ಲ. ನಿನ್ನ ಕಾಲದಲ್ಲೂ ನಿನ್ನಂಥ ಹೃದಯದವರು ಎಷ್ಟೋ ಜನ ಸುಖವಾಗಿ ಹೆತ್ತಿದ್ದಾರೆ, ಹೃದಯದ ಡಾಕ್ಟರಿಗೂ ಹೆರಿಗೆಯ ಡಾಕ್ಟರಿಗೂ ಹೇಳಿ, ಇಬ್ಬರೂ ಇರುವ ಕಡೆ ಹೆತ್ತು, ಆಮೇಲೂ ಕಣ್ಣಳತೆಯಲ್ಲಿದ್ದು. ನಿನ್ನನ್ನು ಯಾರೂ ಒಂದು ಸಲವೂ ಕೇಳುವುದಿಲ್ಲ ಅವ್ವಾ, ಅದಕ್ಕೆ ಕೇಳದೆಯೇ ನೀನು ಹೇಳಬೇಕು. ಈಗ ನಿನ್ನ ಅತ್ತೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರಬೇಕು. ಹೋಗಿ ಪಕ್ಕದಲ್ಲಿ ಕೂತುಕೋ. ಗುಂಡಿ ಬಿಚ್ಚಿ ತೋರಿಸು. ಅವಳು ಏನೆನ್ನುತ್ತಾಳೋ ಎಂದು ನೀನು ಹೆದರಿದ್ದೀಯ. ಏನೆನ್ನುತ್ತಾಳೆ ಎಂದು ನಮಗೆಲ್ಲ ಗೊತ್ತು, ಆರು ತಲೆಮಾರಿನಿಂದ ಬಾಯಿಪಾಠ. ನಿನಗೊಬ್ಬಳಿಗೇ ಗೊತ್ತಾಗಲಿಲ್ಲ.

ಮಗಳು ಮತ್ತೆ ಕರೆಯುತ್ತಿದ್ದಾಳೆ. ಹೋಗಿ ಬರುತ್ತೇನೆ.

ನಿನ್ನ
ಹೊಳೆವ್ವ